ಬ್ಯಾಂಡ್ ಮಾಸ್ಟರೂ ಐದು ಹುಡುಗರೂ

ನಮ್ಮ ಬೀದಿಯ ಬ್ಯಾಂಡ್ ಮಾಸ್ಟರ ಮೇಲ್ದುಟಿಯ ನಡುವೆ ದುಂಡನೆಯ ಗುರುತೊಂದಿತ್ತು. ಮದುವೆ ದಿಬ್ಬಣಗಳಲ್ಲಿ ಟ್ರಂಪೆಟ್ ಊದಿ ಊದಿ ಬಿದ್ದದ್ದು. ಅವರು ನಕ್ಕರೆ ಅದೂ ಅಗಲವಾಗುತ್ತಿತ್ತು.

ಹಲಸೂರಿನಲ್ಲಿ ನಮ್ಮ ಮನೆಯ ಎದುರಿಗೇ ಅವರ ಶೆಡ್ಡು. ಟೀವಿಯಲ್ಲಿ ಫಾರಿನ್ ಹುಡುಗರು ಸಾಲಾಗಿ ನಿಂತು ಹಾಡಿ ಕುಣಿಯುವುದನ್ನು ನೋಡಿ, ನನ್ನ ಮೊಮ್ಮಗನೂ ಅವನ ನಾಲ್ವರು ಗೆಳೆಯರೂ ತಾವೂ ಹಾಗಾಗಬೇಕೆಂದು ಹೊರಟರು. ಡೋಲುಗಳನ್ನು ಮೂಲೆಗೆ ತಳ್ಳಿ ಜಾಗ ಕೊಟ್ಟವರು ಮಾಸ್ಟರೇ. ನನಗೋ ತಡೆಯಲಾರದ ಕುತೂಹಲ. ಮಜ್ಜಿಗೆ ಕೊಡುವ ನೆಪದಲ್ಲಿ ಹೋಗಿ ಇಣುಕುತ್ತಿದ್ದೆ.

"ಎಲ್ಲಾರೂ ಎಗರ್ತಾವ್ರೆ, ಹಾಡೋರ್ಯಾರು ಮಾಸ್ಟ್ರೇ?"

"ಅದೇ ನಂಗೂ ಡೌಟು ಅಮ್ಮಾ!"

ಅದಕ್ಕೇ ಅವರು ಹುಡುಗರನ್ನು ಹಾಡಿಸುತ್ತಲೇ ಬೀದಿಯುದ್ದ ನಡೆಸುತ್ತಿದ್ದರು. "ದಿಬ್ಬಣದಲ್ಲಿ ನಾವು ನಡ್ಕೊಂಡೇ ಊದ್ತೀವಿ ತಂಬಿ. ನಡ್ಯೋವಾಗ್ಲೇ ಉಸ್ರು ಕಟ್ಟಿದ್ರೆ ಕುಣಿಯೋವಾಗ ಏನ್ಮಾಡ್ತೀಯಾ?" ಎನ್ನುವರು. ತರಕಾರಿ ಗಾಡಿಯವನೂ ನಿಂತು ನೋಡುವನು.

ಇಂದಿರಾನಗರದ ಕಾಲೇಜೊಂದರ ಹಬ್ಬದಲ್ಲಿ ಹಾಡಲು ಕರೆ ಬಂತು. ಅದೇ ಹೊತ್ತಿಗೆ ಮುಖ್ಯ ಹಾಡುಗಾರನಾಗಿದ್ದ ನನ್ನ ಮೊಮ್ಮಗನಿಗೆ ಮೀಸೆ ಮೂಡುವ ವಯಸ್ಸಾಗಿ ದನಿ ಒಡೆಯಿತು. ನಾನು ಶೀತವೆಂದುಕೊಂಡು ಮೆಣಸಿನ ಕಷಾಯ ಕುಡಿಸಿದ್ದೇ ಕುಡಿಸಿದ್ದು. ಗೆಳೆಯನೊಬ್ಬ ಬಾಗಿಲಲ್ಲೇ ನಿಂತು, "ಮಗಾ, ನೀನು ಸ್ಟೇಜ್ ಮೇಲೆ ಸುಮ್ನೆ ಬಾಯಾಡ್ಸು, ಸೌಂಡ್ ಬೇಡ" ಎಂದುಬಿಟ್ಟ. ಮೊಮ್ಮಗ ಗೋಡೆಗೆ ಮುಖ ಮಾಡಿ ಮಲಗಿದ. ಊಟ ಮುಟ್ಟಲಿಲ್ಲ. ಹಾಡೇ ಬೇಡ ಎಂದ.

ಮಾಸ್ಟರು ಹೆಗಲ ಮೇಲೆ ಹೊರುವ ದೊಡ್ಡ ಹಿತ್ತಾಳೆ ವಾದ್ಯ ಹೊತ್ತುಕೊಂಡೇ ಒಳಗೆ ಬಂದರು. ಒಮ್ಮೆ ಊದಿದರು. ನನ್ನ ಸ್ಟೀಲ್ ಲೋಟಗಳೆಲ್ಲ ಗುಂಯ್ ಎಂದವು.

"ಇದರ ಜೊತೆ 'ಆ' ಅನ್ನು."

"ಕಾಗೆ ಥರಾ ಬರುತ್ತೆ ಮಾಸ್ಟ್ರೇ."

"ಬರ್ಲಿ, ಕಾಗೇನೂ ಕೇಳೋಣ. ಇನ್ನೂ ಕೆಳಗಿಳಿ ಕಣ್ಣಾ. ಇನ್ನೂ."

ಎರಡು ಸಲ ಒಡೆಯಿತು. ಮೂರನೆಯ ಸಲ ಆ ವಾದ್ಯದ ಪಕ್ಕದಲ್ಲೇ ದನಿ ಕೂತುಕೊಂಡಿತು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇದು ನಮ್ಮ ಹುಡುಗನದೇ?

ಸದ್ದು ಕೇಳಿ ಮತ್ತೆ ಬಾಗಿಲಿಗೆ ಬಂದಿದ್ದ ಆ ಗೆಳೆಯನಿಗೆ ಮಾಸ್ಟರು ಹೇಳಿದರು: "ಮೊದಲು ಇವ್ನು ಶುರು ಮಾಡ್ಲಿ, ಒಬ್ನೇ. ಆಮೇಲೆ ನೀವು ಮೇಲಿನ ಸ್ವರಕ್ಕೆ ಹತ್ತಿ. ಕೆಳಗಿನ ಸ್ವರ ಇಲ್ದಿದ್ರೆ ನೀವೆಲ್ಲಾ ತಬ್ಬಲಿಗಳು."

ಕಾಲೇಜಿನಲ್ಲಿ ಅವನು ಹಾಗೇ ಶುರುಮಾಡಿದ. ಗಲಾಟೆಯೆಲ್ಲ ನಿಂತುಹೋಯಿತು. ಆಮೇಲೆ ಹುಡುಗಿಯರ ಕೂಗೋ ಕೂಗು! ಮುಂದೆ ಕ್ಯಾಸೆಟ್ ಬಂತು, ಶಿವಾಜಿನಗರದ ಅಂಗಡಿಗಳಲ್ಲಿ ಐವರ ಪಟ ಬಂತು. ನಮ್ಮ ಜಗಲಿಯಲ್ಲಿ ಹುಡುಗಿಯರು ಕಾದು ಕೂತರೆ ನಾನೇ ಚಕ್ಕುಲಿ ಕೊಟ್ಟು ಕಳಿಸುತ್ತಿದ್ದೆ. ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ!

ಮಾಸ್ಟರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಅವತ್ತು ಅವ್ನ ದನಿ ಹಂಗೆ ಕೂರುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಎಲ್ಲಿ ಗೊತ್ತು ಅಮ್ಮಾ? ಅವತ್ತು ಸುಮ್ನಾಗಿದ್ರೆ ಅವ್ನು ಆಮೇಲೆ ಹಾಡ್ತಾನೇ ಇರ್ಲಿಲ್ಲ. ಅಷ್ಟು ಗೊತ್ತಿತ್ತು."

ಅದೇ ವಾರ ತೀರಿಕೊಂಡರು. ಈಗ ಯಾವ ಅಂಗಡಿಯ ರೇಡಿಯೋದಲ್ಲಿ ಆ ದನಿ ಬಂದರೂ, ಪಕ್ಕದಲ್ಲಿ ನಿಂತವರು ಯಾರೇ ಆಗಿರಲಿ, ಮೊದಲು ಮಾಸ್ಟರ ವಿಷಯ ಹೇಳುತ್ತೇನೆ. ನನ್ನ ಮೊಮ್ಮಗ ಎನ್ನುವುದು ಆಮೇಲೆ.