ಮುಂದಿನವರ ಪಾದ

ನಾನು ಸಮುದ್ರದಲ್ಲಿ ತಲೆ ಎತ್ತದೆ ಈಜುತ್ತಿದ್ದವನು. ಇದರಲ್ಲಿ ವಿನಯವೇನೂ ಇರಲಿಲ್ಲ, ಶುದ್ಧ ಸೋಮಾರಿತನ. ತೆರೆದ ನೀರಿನಲ್ಲಿ ಈಜುವವರು ನಾಲ್ಕಾರು ಕೈ ಹಾಕಿದ ಮೇಲೆ ಒಮ್ಮೆ ಮೊಸಳೆಯ ಹಾಗೆ ಕಣ್ಣಷ್ಟನ್ನೇ ಮೇಲಕ್ಕೆತ್ತಿ, ದೂರದಲ್ಲಿ ತೇಲುವ ಕಿತ್ತಳೆ ಬಣ್ಣದ ದೊಡ್ಡ ಚೆಂಡು ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಆ ಚೆಂಡನ್ನು ಸುತ್ತಿ ದಡಕ್ಕೆ ಮರಳುವುದೇ ದಾರಿ. ಆದರೆ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಉಸಿರು ಕೆಡುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಮುಂದೆ ಈಜುವವರ ಪಾದ. ಒಳ್ಳೆಯ ಪಾದಗಳನ್ನು ಹುಡುಕಿ ಅವುಗಳ ಗುಳ್ಳೆಗಳ ಹಿಂದೆ ಮುಖವಿಟ್ಟುಕೊಂಡರಾಯಿತು. ನೀರು ಸೀಳುವ ಕಷ್ಟವೂ ಅವರದೇ, ದಾರಿ ನೋಡುವ ಜವಾಬ್ದಾರಿಯೂ ಅವರದೇ.

ಮಸ್ಕತ್ತಿನಲ್ಲಿ ನಾನು ಹೀಗೆ ನಂಬಿಕೊಂಡಿದ್ದ ಪಾದಗಳು ಮೂರ್ತಿಯವರವು. ಮೈಸೂರಿನವರು, ನನಗಿಂತ ಹಿರಿಯರು, ಎಣ್ಣೆ ಬಾವಿಗಳ ಕೆಲಸ ಹಿಡಿಯುವ ಒಂದು ಕಂಪನಿಯಲ್ಲಿ ಇಂಜಿನಿಯರು. ಅವರ ಎಡ ಹಿಮ್ಮಡಿಯಲ್ಲಿ ಹಳೆಯ ಗಾಯದ ಒಂದು ಬಿಳಿ ಗೆರೆಯಿತ್ತು. ಅವರ ಮುಖಕ್ಕಿಂತ ಆ ಗೆರೆಯೇ ನನಗೆ ಹೆಚ್ಚು ಪರಿಚಯ.

ನಮ್ಮದು ಟ್ರಯಥ್ಲಾನ್ ಗುಂಪು. ಶುಕ್ರವಾರ ಬೆಳಿಗ್ಗೆ, ಉಳಿದವರೆಲ್ಲ ರಜೆಯ ನಿದ್ದೆಯಲ್ಲಿರುವಾಗ ಸಮುದ್ರದಲ್ಲಿ ಈಜಿ, ಸೈಕಲ್ ಹೊಡೆದು, ಕೊನೆಗೆ ಓಡುತ್ತಿದ್ದೆವು. ಇದನ್ನು ಊರಿಗೆ ಫೋನ್ ಮಾಡಿ ವಿವರಿಸಿದಾಗ ಅಮ್ಮ ಪೂರ್ತಿ ಕೇಳಿಸಿಕೊಂಡು, “ಅಲ್ಲಿ ಬಸ್ಸಿಲ್ವಾ ಮಗಾ?” ಎಂದಿದ್ದರು. ಅಲ್ ಖೌದ್‌ನಲ್ಲಿ ಟಯರ್ ಅಂಗಡಿ ಇಟ್ಟುಕೊಂಡಿದ್ದ ಉಳ್ಳಾಲದ ಹನೀಫ್ ನಮ್ಮ ಕಾವಲಿನವರು. ಅವರು ಈಜುತ್ತಿರಲಿಲ್ಲ. ಒಂದು ಪುಟ್ಟ ದೋಣಿಯಲ್ಲಿ ಕುಳಿತು ನಮ್ಮ ತಲೆಗಳನ್ನು ಎಣಿಸುತ್ತಿದ್ದರು.

ಪಾದದ ವಿಷಯದಲ್ಲಿ ನಮ್ಮವರ ಧೋರಣೆ ವಿಚಿತ್ರ. ಹಿರಿಯರದಾದರೆ ನಮಸ್ಕಾರ, ನಮ್ಮದಾದರೆ ಕ್ಷಮಾಪಣೆ. ಬಸ್ಸಿನಲ್ಲಿ ಅಪರಿಚಿತರಿಗೆ ಕಾಲು ತಾಗಿದರೂ ಅವರನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಪುಸ್ತಕಕ್ಕೆ, ಅಕ್ಕಿ ಅಳೆಯುವ ಸೇರಿಗೆ, ಕೆಲವರ ಮನೆಯಲ್ಲಿ ಪೊರಕೆಗೂ ಅದೇ ಮರ್ಯಾದೆ. ಇದು ಬುದ್ಧಿಯಿಂದ ಮಾಡುವ ಕೆಲಸವಲ್ಲ, ಕೈ ತಾನಾಗಿ ಹೋಗುತ್ತದೆ. ಮೂರ್ತಿಯವರ ಕೈ ಸಮುದ್ರದ ನಡುವೆಯೂ ಹೋಗುತ್ತಿತ್ತು. ಒಂದು ರೇಸಿನಲ್ಲಿ ಅವರ ಕಾಲು ಹಿಂದಿದ್ದ ಇಂಗ್ಲಿಷ್ ಮನುಷ್ಯನಿಗೆ ತಾಗಿತು. ಇವರು ಈಜು ನಿಲ್ಲಿಸಿ, ತಿರುಗಿ, ಆತನ ಭುಜ ಮುಟ್ಟಿ ತಮ್ಮ ಈಜುಗನ್ನಡಕಕ್ಕೆ ಕೈ ಒತ್ತಿಕೊಂಡರು. ತನ್ನ ಕನ್ನಡಕ ಸರಿಯಿಲ್ಲವೆಂದು ಸೂಚಿಸುತ್ತಿದ್ದಾರೆ ಎಂದುಕೊಂಡು ಆತನೂ ಕನ್ನಡಕ ಮುಟ್ಟಿಕೊಂಡ. ಅಷ್ಟರಲ್ಲಿ ಇಬ್ಬರೂ ಮುಳುಗುತ್ತಿದ್ದಾರೆಂದು ಹನೀಫ್ ದೋಣಿ ಹುಟ್ಟು ಹಾಕುತ್ತಾ ಬಂದರು. ಮೂರ್ತಿಯವರು ಆ ರೇಸಿನಲ್ಲಿ ಯಾವ ಸ್ಥಾನಕ್ಕೂ ಬರಲಿಲ್ಲ. ನಾವು ಮಾತ್ರ ಅದನ್ನು ಹೇಳಿಕೊಂಡು ಬಹಳ ದಿನ ನಕ್ಕೆವು.

ಆಮೇಲೆ ಎಣ್ಣೆಯ ಬೆಲೆ ಬಿತ್ತು. ಬೆಳಿಗ್ಗೆ ಎದ್ದು ರಾಶಿಭವಿಷ್ಯ ನೋಡುವವರ ಹಾಗೆ ಎಲ್ಲರೂ ಫೋನಿನಲ್ಲಿ ಅದನ್ನೇ ನೋಡತೊಡಗಿದರು. ನಾನು ಕೆಲಸ ಮಾಡುತ್ತಿದ್ದ ರುಸೈಲ್‌ನ ಕಾರ್ಖಾನೆ ಎಣ್ಣೆ ಬಾವಿಗಳಿಗೆ ಪೈಪು ಮಾಡುತ್ತಿತ್ತು. ಮಾಡಿದ ಪೈಪುಗಳನ್ನು ಒಯ್ಯುವವರಿಲ್ಲದೆ ಅಂಗಳದಲ್ಲಿ ರಾಶಿ ಬಿದ್ದವು. ಅವುಗಳೊಳಗೆ ಮರಳು ಸೇರಿತು, ಬೆಕ್ಕುಗಳು ಮರಿ ಹಾಕಿದವು. ಮನೆಗೆ ಕಳುಹಿಸಬೇಕಾದವರನ್ನು ವಾರದ ಕೊನೆಯ ದಿನವಾದ ಗುರುವಾರ ಮಧ್ಯಾಹ್ನ ಒಳಗೆ ಕರೆಯುವುದು ಎಲ್ಲ ಕಂಪನಿಗಳ ಪದ್ಧತಿಯಾಯಿತು. ನಮ್ಮ ಗುಂಪಿನಲ್ಲಿ ಒಂದು ನಿಯಮವಿತ್ತು. ಓಟ ಮುಗಿದು ಚಹಾ ಕೈಗೆ ಬರುವವರೆಗೆ ಆಫೀಸಿನ ಮಾತು ಎತ್ತಬಾರದು. ಮೊದಲು ಅದು ತಮಾಷೆಯ ನಿಯಮ. ಆಮೇಲೆ ಚಹಾ ಬಂದ ಮೇಲೂ ಯಾರೂ ಎತ್ತುತ್ತಿರಲಿಲ್ಲ. ಯಾರದಾದರೂ ಸೈಕಲ್ ಮಾರಾಟಕ್ಕೆ ಬಂದರೆ ಮಾತ್ರ ವಿಷಯ ತಿಳಿಯುತ್ತಿತ್ತು. ಮೂರ್ತಿಯವರ ಸೈಕಲ್ ಮಾರಾಟಕ್ಕೆ ಬಂದಿರಲಿಲ್ಲ.

ಆ ಶುಕ್ರವಾರ ದೋಣಿ ಸೋರುತ್ತಿತ್ತು. ಹನೀಫ್ ಅದನ್ನು ಬಿಟ್ಟು ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ನಿಂತುಕೊಂಡರು. ಈಜಲು ಬಂದವರು ನಾವಿಬ್ಬರೇ. ಮೂರ್ತಿಯವರು ನೀರಿಗಿಳಿದರು. ನಾನು ಎಂದಿನಂತೆ ಬಿಳಿ ಗೆರೆಯ ಹಿಂದೆ ಹೊರಟೆ.

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಕೆಳಗಿನ ನೀರು ಹಸಿರಿನಿಂದ ಕಡುನೀಲಿಗೆ ತಿರುಗಿತು. ಚೆಂಡನ್ನು ಸುತ್ತಿದ ಮೇಲೆ ಎಡಗೆನ್ನೆಗೆ ಬರಬೇಕಾದ ಬಿಸಿಲು ಬಲಗೆನ್ನೆಯಲ್ಲೇ ಉಳಿದಿತ್ತು. ನೀರು ತಣ್ಣಗಾಗಿತ್ತು. ಇವೆಲ್ಲ ನನ್ನ ಗಮನಕ್ಕೆ ಬಂದಿದ್ದವು, ಆದರೆ ಒಟ್ಟು ಸೇರಿಸಿ ಯೋಚಿಸಿರಲಿಲ್ಲ. ಮುಂದೆ ಪಾದಗಳಿರುವಾಗ ಯೋಚಿಸುವ ಅಭ್ಯಾಸ ನನಗಿರಲಿಲ್ಲ. ತೋಳು ಸೋತಿತ್ತು. ಪಾದಗಳು ತಪ್ಪಿಹೋದಾವೆಂಬ ಭಯದಿಂದ ಇನ್ನಷ್ಟು ಹತ್ತಿರ ಹೋದೆ. ಆಗ ಹಿಮ್ಮಡಿ ನನ್ನ ಹಣೆಗೆ ಬಲವಾಗಿ ಬಡಿಯಿತು.

ಪಾದಗಳು ನಿಂತವು. ಮೂರ್ತಿಯವರು ತಿರುಗಿ, ನನ್ನ ಭುಜ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡರು. ಯಾರನ್ನು ಮುಟ್ಟಿದೆನೆಂದು ಅವರು ನೋಡಿದ್ದು ಅದಾದ ಮೇಲೆ.

“ನೀವ್ಯಾಕ್ರೀ ಬಂದ್ರಿ?”

“ನೀವು ಹೋದ್ರಿ, ಹಾಗೆ ಬಂದೆ.”

ತಲೆ ಎತ್ತಿದೆ. ಮುಂದೆ ಏನೂ ಇರಲಿಲ್ಲ. ಚೆಂಡು ಬಹಳ ಹಿಂದೆ, ಕುಂಕುಮದ ಬೊಟ್ಟಿನಷ್ಟು ಕಾಣುತ್ತಿತ್ತು. ಅದರಾಚೆ ದಡವೆಂಬುದು ಒಂದು ಮಸುಕು ಗೆರೆ. ಅದನ್ನು ಕಂಡದ್ದೇ ನನ್ನ ಮೀನಖಂಡ ಸೆಟೆದುಕೊಂಡಿತು. ಮೂರ್ತಿಯವರು ಒಮ್ಮೆ ಸಮುದ್ರದ ಕಡೆ ನೋಡಿದರು. ಮತ್ತೆ ನನ್ನನ್ನು ನೋಡಿದರು.

“ವಾಪಸ್ ಹೋಗೋಕೆ ಆಗುತ್ತೇನ್ರೀ ನಿಮ್ ಕೈಲಿ?”

“ಒಬ್ಬನಿಗೆ ಆಗ್ಲಿಕ್ಕಿಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನೆ ತೇಲಿದರು. ಆ ಸ್ವಲ್ಪ ಹೊತ್ತು ಎಷ್ಟೆಂದು ಈಗಲೂ ಹೇಳಲಾರೆ. ಆಮೇಲೆ, “ಸರಿ, ನನ್ ಕಾಲು ನೋಡ್ಕೊಂಡು ಬನ್ನಿ. ತಲೆ ಎತ್ಬೇಡಿ, ಸುಸ್ತಾಗುತ್ತೆ” ಎಂದರು.

ದಾರಿಯಲ್ಲಿ ಹಲವು ಸಲ ನನ್ನನ್ನು ಅಂಗಾತ ಮಲಗಿಸಿ ದಣಿವಾರಿಸಿದರು. ಹಾಗೊಮ್ಮೆ ಇಬ್ಬರೂ ಆಕಾಶ ನೋಡುತ್ತಾ ತೇಲುವಾಗ ಹೇಳಿದರು. “ನಿನ್ನೆ ಮಧ್ಯಾಹ್ನ ನನ್ನನ್ನೂ ಕರೆದ್ರು. ಮನೇಲಿನ್ನೂ ಹೇಳಿಲ್ಲ ಕಣ್ರೀ.”

“ನಾನೂ ಬರ್ತೇನೆ. ಒಟ್ಟಿಗೆ ಹೇಳುವ” ಎಂದೆ. ಅವರು ಬೋರಲಾಗಿ ತಿರುಗಿದರು. ಕಾಲು ಬಡಿಯಲು ಶುರು ಮಾಡಿದರು.

ಹನೀಫ್ ಬಟ್ಟೆಯಲ್ಲೇ ಎದೆಮಟ್ಟ ನೀರಿಗೆ ಬಂದಿದ್ದರು, ಈಜು ಬಾರದ ಮನುಷ್ಯ. ನಮ್ಮ ತೋಳು ಹಿಡಿದುಕೊಂಡು, “ಎಲ್ಲಿಗೆ ಹೋದದ್ದು ಮಾರಾಯ್ರೆ, ಇರಾನಿಗಾ? ವೀಸಾ ಉಂಟಾ ನಿಮ್ಗೆ?” ಎಂದರು. ಮೂರ್ತಿಯವರು ನಕ್ಕರು. ಆ ನಗುವನ್ನು ನೋಡಿದ ಹನೀಫ್ ನಮ್ಮನ್ನು ದಡಕ್ಕೆ ಕರೆತಂದರು. ಟವೆಲನ್ನು ಮೂರ್ತಿಯವರ ಹೆಗಲಿಗೆ ಹೊದಿಸಿ, ಮಕ್ಕಳ ಬೆನ್ನು ಒರೆಸುವಂತೆ ಬಹಳ ಹೊತ್ತು ಒರೆಸಿದರು.

ಮನೆಯಲ್ಲಿ ಮೂರ್ತಿಯವರ ಹೆಂಡತಿ ದೋಸೆ ಹುಯ್ಯುತ್ತಿದ್ದರು. ಹೇಳಬೇಕಾದ್ದನ್ನು ಹೇಳಿದ್ದಾಯಿತು. ಅವರು ಒಲೆ ಆರಿಸಿ, ಮಗಳ ಪರೀಕ್ಷೆ ಇಲ್ಲೇ ಮುಗಿಸಬಹುದೇ ಎಂದು ಮಾತ್ರ ಕೇಳಿದರು. ಆಮೇಲೆ ಗಂಡನ ಒದ್ದೆ ತಲೆ ನೋಡಿ, ಸರಿಯಾಗಿ ಒರೆಸಿಕೊಳ್ಳಿ ಎಂದರು.

ಮೂರ್ತಿಯವರು ಚೆಂಡನ್ನು ಕಾಣದೆ ಮುಂದೆ ಹೋದರೋ, ಕಂಡೂ ಹೋದರೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಅವರು ತಲೆ ಎತ್ತದೆ ಈಜುವವರಲ್ಲ ಎಂಬುದಷ್ಟೇ ಗೊತ್ತು. ನನ್ನ ಹಣೆಗೆ ಹಿಮ್ಮಡಿ ತಾಗದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲು ಹೊರಟಾಗೆಲ್ಲ ಆ ಕಡುನೀಲಿ ನೀರು ಕಣ್ಣಮುಂದೆ ಬರುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ.

ಮಗಳ ಪರೀಕ್ಷೆ ಮುಗಿದ ಮೇಲೆ ಅವರು ಮೈಸೂರಿಗೆ ಹೋದರು. ಕೊಳ್ಳುವವರು ಸಿಗದ ಅವರ ಸೈಕಲ್ ಹನೀಫರ ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿದೆ. ಅವರಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಫೋನಿನಲ್ಲಿ ಮೊನ್ನೆ, ಈಜುಕೊಳಕ್ಕೆ ಹೋಗುತ್ತೇನೆ, ಇಲ್ಲಿ ಎಷ್ಟು ಈಜಿದರೂ ಗೋಡೆ ಬಂದುಬಿಡುತ್ತದೆ ಎಂದರು. ಅದು ದೂರೋ ಸಮಾಧಾನವೋ ತಿಳಿಯಲಿಲ್ಲ. ಇಲ್ಲಿ ಪೈಪುಗಳು ಹಾಗೆಯೇ ಬಿದ್ದಿವೆ. ಆ ಬೆಕ್ಕಿನ ಮರಿಗಳೇ ಈಗ ಮರಿ ಹಾಕಿವೆ. ಗುರುವಾರ ಮಧ್ಯಾಹ್ನ ಮೇಜಿನ ಫೋನ್ ಸದ್ದಾದರೆ ನನ್ನ ಕೈ ಅದರ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.

ಈಗ ನಾನು ತಲೆ ಎತ್ತಿ ಈಜುತ್ತೇನೆ. ಸೊಂಟ ಮುಳುಗುತ್ತದೆ, ಉಸಿರು ಕೆಡುತ್ತದೆ. ಈಚೆಗೆ ಗುಂಪು ಸೇರಿದವರೊಬ್ಬರು ನನಗಿಂತಲೂ ನಿಧಾನ, ನನ್ನಷ್ಟೇ ಸೋಮಾರಿ. ಅವರು ನನ್ನ ಪಾದಗಳ ಹಿಂದೆ ಬರುತ್ತಾರೆ. ಮತ್ತೆ ಮತ್ತೆ ಅವರ ಬೆರಳು ನನ್ನ ಅಂಗಾಲಿಗೆ ತಾಗುತ್ತದೆ. ಈಜುವವರಿಗೆ ಇದರಷ್ಟು ಕಿರಿಕಿರಿ ಬೇರೊಂದಿಲ್ಲ. ಅದು ಅಸಭ್ಯವೆಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ನಾನು ಹೇಳಿಕೊಟ್ಟಿಲ್ಲ. ಅವರ ಕಂಪನಿಯಲ್ಲೂ ಗುರುವಾರಗಳು ಶುರುವಾಗಿವೆ. ಬೆರಳು ತಾಗುತ್ತಿರುವವರೆಗೆ ನಾನು ಮುಂದೆ ನೋಡುತ್ತೇನೆ. ತಾಗದಿದ್ದಾಗ ಈಜು ನಿಲ್ಲಿಸಿ ಹಿಂದಿರುಗಿ ನೋಡುತ್ತೇನೆ.