ರಾಗಿ ಮೂಟೆ ಹೊತ್ತು ಲೈಟು ಹುಡುಕುವ ಚೆಲುವರಾಜು

ಬೆಳಗಿನ ಜಾವ ಐದು ಗಂಟೆ. ಟಿ. ನರಸೀಪುರದ ಹೊರಗೆ ನಾಲೆ ಏರಿಯ ಮೇಲೆ ಚೆಲುವರಾಜು ದಾಪುಗಾಲು ಹಾಕುತ್ತಿದ್ದಾರೆ. ಬೆನ್ನಿನ ಬ್ಯಾಗಿನಲ್ಲಿ ಎಂಟು ಕೆ.ಜಿ. ರಾಗಿ, ತಲೆಗೆ ಒದ್ದೆ ಟವೆಲ್ಲು, ಅದರ ಮೇಲೆ ಹಣೆಗೆ ಕಟ್ಟುವ ಚಾರ್ಜಿಂಗ್ ಲೈಟು. ಡೇರಿಗೆ ಹಾಲು ಹಾಕಲು ಹೊರಟವರೊಬ್ಬರು, "ಇನ್ನೂ ಲೈಟ್ ಸಿಕ್ಕಿಲ್ವಾ ರಾಜಣ್ಣ?" ಎಂದು ಕಿಚಾಯಿಸುತ್ತಾರೆ.

"ನನ್ ಮದ್ವೆಗೆ ಎಣ್ಣು ನೋಡೋಕೂ ಇಷ್ಟ್ ಅಲೀಲಿಲ್ಲ ಕಣ್ಲಾ!"

ಐವತ್ನಾಲ್ಕರ ಚೆಲುವರಾಜು ಅವರದು ಬಸ್ ಸ್ಟ್ಯಾಂಡ್ ಪಕ್ಕ ಟಾರ್ಚು, ಮಿಕ್ಸಿ ರಿಪೇರಿಯ ಪುಟ್ಟ ಅಂಗಡಿ. ಶಿವರಾತ್ರಿ ಹತ್ತಿರ ಬಂತೆಂದರೆ ಕೂಲಿಯಿಲ್ಲದ ಇನ್ನೊಂದು ಕೆಲಸ. ಮಲೆ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಡುವ ಮೂವತ್ತೊಂದು ಜನರ ತಂಡಕ್ಕೆ ಒಳ್ಳೆಯ ಲೈಟು ಆಯ್ದು ಕೊಡುವುದು. ಹಗಲ ಬಿಸಿಲಿಗೆ ಹೆದರಿ ಇವರು ಹೆಚ್ಚಾಗಿ ರಾತ್ರಿಯೇ ನಡೆಯುತ್ತಾರೆ.

ಈ ವರ್ಷ ಇದು ಹನ್ನೊಂದನೆಯ ಲೈಟು. ಪ್ರತಿಯೊಂದನ್ನೂ ಬಕೆಟ್ ನೀರಲ್ಲಿ ಅದ್ದುತ್ತಾರೆ, ತಕ್ಕಡಿಯಲ್ಲಿ ತೂಗುತ್ತಾರೆ, ಸಂಜೆ ಹಚ್ಚಿ ಎಷ್ಟೊತ್ತಿಗೆ ಆರಿತೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. "ಡಬ್ಬದ್ ಮೇಲೆ ಅನ್ನೆರಡ್ ಗಂಟೆ ಅಂತ ಬರ್ದವ್ರೆ. ಜೋರಾಗಿ ಉರ್ಸುದ್ರೆ ಮೂರೇ ಗಂಟೆ ಸಾ! ಫೋನ್ ಚಾರ್ಜರ್ ಪಿನ್ನೇ ಇದ್ಕೂ ಆಗ್ಬೇಕು. ಕಾಡೊಳ್ಗೆ ಬೇರೆ ವೈರ್ ಎಲ್ಲಿ ಉಡುಕ್ಲಿ?"

ಅದಕ್ಕೆ ರಾಗಿ ಮೂಟೆ ಬೇರೆ ಹೊರಬೇಕೇ ಮಾರಾಯರೇ ಎಂದರೆ ನಗುತ್ತಾರೆ. "ಬೆನ್ ಮೇಲೆ ಬಾರ ಇದ್ರೆ ಕತ್ತು ಬಗ್ತದೆ. ಬೆಳ್ಕು ಎಲ್ ಬೀಳ್ತದೆ ಅಂತ ಆಗ್ಲೇ ಗೊತ್ತಾಗೋದು."

ಇಷ್ಟೆಲ್ಲ ಪರೀಕ್ಷೆಗೆ ಬೇರೆಯೇ ಕಾರಣವಿದೆ. ಹೋದ ವರ್ಷ ಇದ್ದುದರಲ್ಲೇ ಅತಿ ಪ್ರಖರವಾದ ಲೈಟನ್ನು ಎಲ್ಲರಿಗೂ ಆಯ್ದು ಕೊಟ್ಟು ಬೀಗಿದ್ದರಂತೆ. ಬೆಟ್ಟದ ಬುಡದ ತಾಳುಬೆಟ್ಟದ ಮೆಟ್ಟಿಲುಗಳಲ್ಲಿ ತಂಡದಲ್ಲಿದ್ದ ಹೆಡತಲೆ ಊರಿನ ಸಣ್ಣತಾಯಮ್ಮ ಬಿದ್ದು ಮಣಿಕಟ್ಟು ಮುರಿದುಕೊಂಡರು. ಹತ್ತೊಂಬತ್ತು ವರ್ಷ ತಪ್ಪದೆ ನಡೆದಿದ್ದ ಅರವತ್ತೊಂದರ ಹೆಂಗಸು, ಮಾದಪ್ಪನನ್ನು ಕಾಣದೆ ಜೀಪಿನಲ್ಲಿ ಹಿಂದಿರುಗಿದರು.

"ಎಲ್ರೂ ಮಾದಪ್ಪನ ಇಚ್ಛೆ ಅಂದ್ರು. ಅವನ್ಯಾಕ್ ಸಾ ಬೀಳುಸ್ತಾನೆ? ಬೀಳ್ಸಿದ್ದು ನಾನ್ ಆಯ್ದು ಕೊಟ್ಟಿದ್ ಲೈಟು. ಇಂದ್ ಬರೋರ ಲೈಟ್ ಜೋರಾದ್ರೆ ಮುಂದ್ಲೋರ ನೆಳ್ಳು ಅವ್ರ ಕಾಲ್ ಮುಂದ್ಕೇ ಬೀಳ್ತದೆ. ಆ ಕತ್ಲಲ್ಲಿ ಮೆಟ್ಲು ಎಲ್ಲದೆ, ಎಲ್ಲಿಲ್ಲ, ಏನೂ ಗೊತ್ತಾಗಕಿಲ್ಲ."

ಹೊರಡಲು ಇನ್ನು ಹತ್ತೇ ದಿನ. ಈ ಸಲ ಬೇಡವೇ ಬೇಡ ಎಂದು ಸಣ್ಣತಾಯಮ್ಮನ ಮಕ್ಕಳು ಹಟ ಹಿಡಿದಿದ್ದಾರೆ. ಕತ್ತಲಲ್ಲಿ ಹೊಸ ಲೈಟು ಕಟ್ಟಿಕೊಂಡು ಭಯವಿಲ್ಲದೆ ಮೆಟ್ಟಿಲು ಇಳಿದು ತೋರಿಸಿದರೆ ಮಾತ್ರ ಹೊರಡುತ್ತೇನೆಂದು ಸಣ್ಣತಾಯಮ್ಮನೂ ಒಪ್ಪಿಕೊಂಡಿದ್ದಾರೆ. ಚೆಲುವರಾಜುಗೆ ನಿದ್ದೆ ಬರುತ್ತಿಲ್ಲ.

ಹನ್ನೊಂದನೆಯದು ಕೈ ಹಿಡಿಯುವಂತಿದೆ. ಉಳಿದವು ಒತ್ತಿದ ಕೂಡಲೇ ಕಣ್ಣು ಕುಕ್ಕುವಂತೆ ಉರಿಯುತ್ತವೆ, ಇದು ಮೊದಲ ಒತ್ತಿಗೆ ಸಣ್ಣ ಬೆಳಕನ್ನೇ ಕೊಡುತ್ತದೆ. ಮೂತಿಯನ್ನು ಪಾದದವರೆಗೂ ಬಗ್ಗಿಸಬಹುದು.

ಶನಿವಾರ ಇನ್ನೂ ಕತ್ತಲಿರುವಾಗಲೇ ಮಗನ ಬೈಕಿನಲ್ಲಿ ಸಣ್ಣತಾಯಮ್ಮ ನರಸೀಪುರದ ಸ್ನಾನಘಟ್ಟಕ್ಕೆ ಬಂದಿದ್ದಾರೆ. ಹಣೆಗೆ ಲೈಟು ಕಟ್ಟಿಕೊಂಡು ಅವರು ಮುಂದೆ, ಅಂಥದ್ದೇ ಲೈಟು ಕಟ್ಟಿಕೊಂಡು ಚೆಲುವರಾಜು, ಮಗ ಮತ್ತು ನಾನು ಹಿಂದೆ. ಒಂದೊಂದು ಮೆಟ್ಟಿಲಿಗೂ ಚೆಲುವರಾಜು ಉಸಿರು ಬಿಗಿಹಿಡಿಯುತ್ತಾರೆ. ಸಣ್ಣತಾಯಮ್ಮನಿಗೆ ಅದರ ಗೊಡವೆಯೇ ಇಲ್ಲ. ಸೊಸೆ ಅವರೆಕಾಳು ಸಾರಿಗೆ ಉಪ್ಪು ಸುರಿದ ಕತೆ ಹೇಳುತ್ತಾ, ಕೈ ಆಡಿಸುತ್ತಾ, ನೀರಿನವರೆಗೂ ಇಳಿದೇ ಬಿಡುತ್ತಾರೆ. ಕಾಲು ತೊಳೆದುಕೊಂಡು ನಮ್ಮತ್ತ ತಿರುಗುತ್ತಾರೆ.

"ಲೇ ಚೆಲುವ, ಒತ್ತಾಯ್ತು. ಲೈಟ್ ನೋಡೋದ್ ಯಾವಾಗ್ಲಾ?"

ಚೆಲುವರಾಜು ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. "ನೋಡಾಯ್ತು ಕಣಕ್ಕ. ನೀನ್ ಓಗಿ ಬ್ಯಾಗ್ ಕಟ್ಕೋ."