ಎದುರುಮನೆಯ ಅಕ್ಕ ನೋಡುತ್ತಿದ್ದ ಸಿನಿಮಾಗಳು

ಹೋದ ತಿಂಗಳು ಆಲೂರಿನಿಂದ ಆದೋನಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ಡ್ರೈವರ್ ಜೋರಾಗಿ ಬ್ರೇಕ್ ಒತ್ತಿದ. ರಬ್ಬರು ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಜನ ಬೈದುಕೊಳ್ಳುತ್ತಿದ್ದರು. ನನಗೆ ಮಾತ್ರ ಎದುರುಮನೆಯ ಅಕ್ಕ ನೆನಪಾದಳು. ಆಕೆಯ ಗಂಡ ಸಂಜೆ ಜೀಪು ತಂದು ಓಣಿಯಲ್ಲಿ ನಿಲ್ಲಿಸಿದರೆ ಇದೇ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು...

ನಾನು ಮದುವೆಯಾಗಿ ಆದೋನಿಗೆ ಬಂದ ಹೊಸತು. ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು. ಮಕ್ಕಳಿರಲಿಲ್ಲ. ಮನೆಯಲ್ಲಿ ಆಕೆ, ಆಕೆಯ ಗಂಡ, ಕಣ್ಣು ಮಂಜಾದ ಅತ್ತೆ, ಮೂರೇ ಜನ. ಗಂಡ ಆದೋನಿಗೂ ಆಲೂರಿಗೂ ಪ್ಯಾಸೆಂಜರ್ ಜೀಪು ಓಡಿಸುತ್ತಿದ್ದರು. ಕಾರುಗಳು ಒಂದನ್ನೊಂದು ಬೆನ್ನಟ್ಟುವ ಸಿನಿಮಾ ಎಂದರೆ ಅವರಿಗೆ ಪ್ರಾಣ. ಅಂಥ ಇಂಗ್ಲಿಷ್ ಸಿನಿಮಾ ತೆಲುಗಿಗೆ ಡಬ್ ಆಗಿ ಬಂತೆಂದರೆ ಅವತ್ತು ಜೀಪಿಗೆ ರಜೆ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಊಟದ ತಟ್ಟೆಯನ್ನೇ ಸ್ಟೇರಿಂಗ್ ಮಾಡಿಕೊಂಡು ತಾಯಿಗೆ ಇಡೀ ಕಥೆ ಹೇಳುತ್ತಿದ್ದರು. ಕಾರು ಸೇತುವೆ ಹಾರಿದ್ದು, ಪೊಲೀಸ್ ಗಾಡಿಗಳು ಒಂದರ ಮೇಲೊಂದು ಬಿದ್ದದ್ದು, ಎಲ್ಲ. ಮುದುಕಿ ಬಾಯಿ ತೆರೆದು ಕೇಳುತ್ತಿತ್ತು. ಅಕ್ಕನಿಗೆ ಅದು ಹಿಡಿಸುತ್ತಿರಲಿಲ್ಲ. ದಿನವೆಲ್ಲ ರೋಡಿನ ಮೇಲಿರುವ ಮನುಷ್ಯ ಸಿನಿಮಾದಲ್ಲೂ ರೋಡನ್ನೇ ನೋಡಬೇಕೇ ಎಂದು ಒಳಗಿನಿಂದ ಗೊಣಗುತ್ತಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ ಆಲೂರು ರಸ್ತೆಯ ತಿರುವಿನಲ್ಲಿ ಟೈರು ಒಡೆದು ಜೀಪು ಪಲ್ಟಿಯಾಯಿತು. ಪುಣ್ಯಕ್ಕೆ ಒಳಗೆ ಪ್ಯಾಸೆಂಜರ್ ಯಾರೂ ಇರಲಿಲ್ಲ. ದವಾಖಾನೆಗೆ ಅಕ್ಕನ ಜೊತೆ ನಾನೂ ಹೋಗಿದ್ದೆ. ನಾವು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅಕ್ಕ ಎಲ್ಲರೆದುರು ಅಳಲಿಲ್ಲ. ಅತ್ತೆಯೂ ಅಳಲಿಲ್ಲ. ಒಬ್ಬರು ಅತ್ತರೆ ಇನ್ನೊಬ್ಬರು ಕುಸಿದುಹೋದಾರು ಎಂಬ ಭಯವೋ ಏನೋ... ಮನೆಯೊಳಗೆ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಕ್ಕ ಹತ್ತಿ ಮಿಲ್ಲಿನ ಕೆಲಸಕ್ಕೆ ಹೋಗತೊಡಗಿದಳು. ಸಂಜೆ ಬರುವಾಗ ಆಕೆಯ ತಲೆಗೂದಲಲ್ಲಿ ಅರಳೆ ಸಿಕ್ಕಿಕೊಂಡಿರುತ್ತಿತ್ತು. ಅದನ್ನು ತೆಗೆದುಕೊಳ್ಳುವ ಮನಸ್ಸೂ ಇದ್ದಂತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಬಂದು ನನ್ನ ಬಾಗಿಲಲ್ಲಿ ನಿಂತಳು.

"ತಂಗಿ, ಸಿನಿಮಾಕ್ಕ ಹೋಗೋಣೇನು? ಅವ್ರು ನೋಡ್ತಿದ್ರಲ್ಲ... ಅಂಥದು."

ಬೇಡವೆನ್ನಲಾಗಲಿಲ್ಲ, ಹೋದೆವು. ಥಿಯೇಟರ್ ತುಂಬ ಗಂಡಸರು, ಸಿಳ್ಳೆ, ಬೀಡಿಯ ಹೊಗೆ. ನಾವಿಬ್ಬರೇ ಒಂದು ಮೂಲೆಯಲ್ಲಿ. ಪರದೆಯ ಮೇಲೆ ಕಾರು ತಿರುವಿನಲ್ಲಿ ಹಾರಿ, ಮೂರು ಸಲ ಉರುಳಿ, ತಲೆಕೆಳಗಾಗಿ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಮುಚ್ಚಲಿಲ್ಲ. ಕೊಂಚ ಹೊತ್ತಿಗೆ ಹೀರೋ ಬಾಗಿಲು ಒದ್ದು ಹೊರಗೆ ಬಂದು ಮೈಮೇಲಿನ ಧೂಳು ಕೊಡವಿಕೊಂಡ. ಆಗ ಅಕ್ಕ ಉಸಿರು ಬಿಟ್ಟಳು. ಅಷ್ಟು ಹೊತ್ತು ಹಿಡಿದುಕೊಂಡಿದ್ದಳೆಂದು ಆಗಲೇ ನನಗೆ ತಿಳಿದದ್ದು.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲಿ ಕೂತಿತ್ತು.

"ಗಾಡಿ ಬಿತ್ತಾ?"

"ಬಿತ್ತು ಅತ್ತಿ."

"ಅವ ಎದ್ನಾ?"

"ಎದ್ದು ಬಂದಾನ."

ಮುದುಕಿ ತಲೆಯಾಡಿಸಿತು. ಅವತ್ತು ಇಬ್ಬರೂ ಹೊಟ್ಟೆ ತುಂಬ ಉಂಡರೆಂದು ಅಕ್ಕ ಆಮೇಲೆ ಹೇಳಿದಳು.

ಅಲ್ಲಿಂದ ಅಂಥ ಸಿನಿಮಾ ಬಂದಾಗಲೆಲ್ಲ ನಾವು ಮ್ಯಾಟ್ನಿಗೆ ಹೋಗುತ್ತಿದ್ದೆವು. ಓಣಿಯಲ್ಲಿ ಮಾತು ಎದ್ದಿತು. ಗಂಡ ಗಾಡಿಯಲ್ಲಿ ಸತ್ತಿದ್ದಾನೆ, ಇವಳಿಗೆ ಗಾಡಿ ಸಿನಿಮಾ ಹುಚ್ಚು ಎಂದರು. ಅಕ್ಕನ ಮೈದುನ ಪೆದ್ದಕಡುಬೂರಿನಿಂದ ಬಂದು ಮನೆಯ ಮರ್ಯಾದೆಯ ಮಾತಾಡಿದ. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂತು.

"ಆಕಿನ್ನ ನಾನೇ ಕಳಸ್ತೀನಿ. ನಿನಗ ಹೇಳೋದೈತಂದ್ರ ನನಗ ಹೇಳು."

ಆತ ಚಹಾ ಕೂಡ ಕುಡಿಯದೆ ಹೊರಟುಹೋದ.

ಆಮೇಲೆ ಒಂದು ಸಿನಿಮಾ ಬಂತು. ಕೊನೆಯಲ್ಲಿ ಹೀರೋನ ಕಾರು ಗುಡ್ಡದ ಅಂಚಿನಿಂದ ಕೆಳಗೆ ಬಿತ್ತು. ಹೊಗೆ ಎದ್ದಿತು. ಕಾದೆವು. ಯಾರೂ ಬರಲಿಲ್ಲ. ಹೆಸರುಗಳು ಮೇಲೇರಿದವು, ದೀಪ ಹತ್ತಿದವು, ಜನ ಎದ್ದು ಹೋದರು. ಅಕ್ಕ ಮಾತ್ರ ಬಿಳಿ ಪರದೆಯನ್ನೇ ನೋಡುತ್ತ ಕೂತಿದ್ದಳು. ಕಸ ಗುಡಿಸುವವನು ಬಂದ ಮೇಲೆ ನಾನೇ ರಟ್ಟೆ ಹಿಡಿದು ಎಬ್ಬಿಸಿದೆ.

ಹೊಸ್ತಿಲಲ್ಲಿ ಅದೇ ಪ್ರಶ್ನೆ ಕಾದಿತ್ತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಎದ್ದು ಬಂದಾನ ಅತ್ತಿ" ಎಂದಳು.

ಮುದುಕಿ ಕೈ ಚಾಚಿ ಅಕ್ಕನ ಮುಖ ತಡವಿ, "ಇಲ್ಲವ್ವಾ, ಎದ್ದಿಲ್ಲ. ನಿನ್ ದನಿ ಹೇಳ್ತೈತಿ" ಎಂದಿತು.

ಅಕ್ಕ ಅಲ್ಲೇ ಕುಸಿದು ಆ ಮುದುಕಿಯ ಮಡಿಲಲ್ಲಿ ತಲೆಯಿಟ್ಟಳು. ಜೀಪು ಬಿದ್ದ ಮೇಲೆ ಮೊದಲ ಸಲ ಇಬ್ಬರೂ ಕೂಡಿ ಅತ್ತರು, ಓಣಿಗೆಲ್ಲ ಕೇಳುವಂತೆ. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಅವತ್ತು ಯಾರೂ ಏನೂ ಅನ್ನಲಿಲ್ಲ. ನಾನು ಇಬ್ಬರನ್ನೂ ಒಳಗೆ ಕೂರಿಸಿ, ಅವರ ಬಾಗಿಲು ಮುಂದೆ ಮಾಡಿ ಮನೆಗೆ ಬಂದೆ...

ಆಮೇಲೆ ಅಕ್ಕ ಸಿನಿಮಾಕ್ಕೆ ಕರೆಯಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಗೋನೆಗಂಡ್ಲದ ತನ್ನ ತಂಗಿಯ ಮನೆ ಸೇರಿದಳು. ನಾವೂ ಆ ಓಣಿ ಬಿಟ್ಟು ಊರಿನ ಇನ್ನೊಂದು ಕಡೆಗೆ ಬಂದೆವು. ಮೊದಮೊದಲು ಫೋನ್ ಮಾಡುತ್ತಿದ್ದೆ. ಹೋಗಬೇಕು, ಹೋಗಬೇಕು ಎಂದುಕೊಂಡೇ ವರ್ಷಗಳು ಕಳೆದವು. ಹೋದ ವರ್ಷ ಆಕೆಯ ತಂಗಿಯ ಫೋನ್ ಬಂತು. ಅಕ್ಕನನ್ನು ಮಣ್ಣು ಮಾಡಿ ಆಗಲೇ ಮೂರು ದಿನವಾಗಿತ್ತು. ಕೊನೆಗೆ ಮುಖವೂ ನೋಡಲಿಲ್ಲ.

ಹೋದ ತಿಂಗಳು ಆ ಬಸ್ಸಿಳಿದವಳು ಮನೆಗೆ ಹೋಗದೆ ಹಳೆಯ ಓಣಿಗೆ ಹೋದೆ. ಅಕ್ಕನ ಮನೆಯ ಮೇಲೆ ಈಗ ಮಹಡಿ ಎದ್ದಿದೆ, ಕಟ್ಟೆ ಒಡೆದು ಗೇಟು ಹಾಕಿದ್ದಾರೆ. ಎಷ್ಟು ಹೊತ್ತು ನಿಂತಿದ್ದೆನೋ. ಬಟ್ಟೆ ಒಣಹಾಕಲು ಬಂದ ಹೆಣ್ಣುಮಗಳು ಮಹಡಿಯಿಂದ ಬಗ್ಗಿ, ಯಾರು ಬೇಕು ಎಂದು ತೆಲುಗಿನಲ್ಲಿ ಕೇಳಿದಳು.

"ಯಾರೂ ಇಲ್ಲವ್ವಾ" ಎಂದೆ.